ಗ್ವಾಡಿ ಬುಡಕ ಹುಗದದ್ದು

...ಥೂ! ಮತ್ತ ಕೆಂಪು ದೀಪಾನ? ತಗಿ, ತಗಿ ಆ ಪ್ಲಗ್ಗ! ರಾತ್ರೆಲ್ಲಾ ಹಚ್ಚಿ ಬಿಟ್ರೂ ಒಂದ ಹನಿ ಕರೆಂಟ ಏರಿಲ್ಲ ಅಂದ್ರ ಇದಕ್ಕ ಕಾರ ಅಂತಾರನು, ಫಕ್ಕೀರೇಶಾ? ನಮ್ಮಪ್ಪನ ಚಕ್ಕಡಿ ಪಾಡಿತ್ತಪಾ. ಎತ್ತಿನ ಮುಂದ ಕಣಿಕಿ ಹಾಕಿದ್ರ ಸುಮ್ಮನ ತಿಂತಿದ್ವು. ಹಿಂಗ ಕೆಂಪಗ ಕಣ್ಣು ಬಿಟ್ಟು ಮಾರಿ ತಿರುವ್ತಿದ್ದಿಲ್ಲ!

ಯಾಕ ನಗತಿ? ನಗಬ್ಯಾಡ! ಒಳಗ ನನ್ನ ಹೆಂಡತಿ, ನಿಮ್ಮ ಗುತ್ತೆಕ್ಕ, ಶಾಲ ಹೊದಕೊಂಡು ತಯಾರಾಗಿ ಕುಂತಾಳ. ಹುಬ್ಬಳ್ಳ್ಯಾಗ ಕಿಮೋ ಐತಿ ಇವತ್ತ. ಹೋದ ಸಲ ಮೈಯಾಗ ರಕ್ತ ಇಲ್ಲ ಅಂತ ಹಂಗ ತಿರುಗಿ ಕಳಿಸಿದ್ರು. ಇವತ್ತೂ ತಪ್ಪಿದ್ರ... ಡಾಕ್ಟರ ಏನಂದಾರ ನಿನಗೂ ಗೊತ್ತೈತಿ, ನನ್ನ ಬಾಯಿಲೆ ಹೇಳಸಬ್ಯಾಡ.

ಏನು? ಬಾಡಗಿ ಗಾಡಿನ? ಮರತೀಯೇನು? ಡೀಸೆಲ್ ವಾಸನಿ ಮೂಗಿಗೆ ಬಡದ್ರ ತಡಸ ಊರ ದಾಟೂದ್ರಾಗ ಕರಳ ಕಿತ್ತು ಬರೂವಂಗ ಕಾರತಾಳ ಅಕಿ. ಬಸ್ಸಂತೂ ಬ್ಯಾಡ ಬಿಡು. ನಿನ್ನ ಈ ದರಿದ್ರ ಕಾರಿನ್ಯಾಗ ಮಾತ್ರ ಕಣ್ಣು ಮುಚ್ಚಿ ಮಲಗತಾಳ. ಬಂಕಾಪುರದ ಹೈವೇದಾಗ ಚಾರ್ಜ್ ಮಾಡಸೂಣಂದ್ರ ಅಲ್ಲೀತನಕ ಹೋಗಾಕೂ ಬ್ಯಾಟರಿ ಇಲ್ಲ ಅಂತಿ.

ಹೇಸಿಗಿ ಬಂದೈತಿ ನನಗ ಈ ಮಂದಿ ಕಂಡ್ರ! ಮೊದಲ ವೋಲ್ಟೇಜ್ ಕಮ್ಮಿ ಅಂದ್ರು. ಆಮ್ಯಾಲ ಸಾಕೆಟ್ ಸುಟ್ಟೈತಿ ಅಂದ್ರು, ಬದಲ ಮಾಡಿದಿ. ವೈರ ಸಣ್ಣದಾತು ಅಂದ್ರು, ದಪ್ಪನ್ನ ಹಾಕಿಸಿದಿ. ಫೋನಿನ್ಯಾಗ ಆ ಕಂಪನಿ ಹುಡುಗಿ... "ಸರ್, ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಿ." ಬಂದ್ ಮಾಡಿ ಚಾಲೂ ಮಾಡಾಕ ಇಕಿ ಯಾಕ ಬೇಕು, ನಾವೇನ ಕುರಿ ಕಾಯಾಕ ಹೋಗಿದ್ವೇನು? ನಿನ್ನಿ ಸಂಜಿಮುಂದ ಮತ್ತೊಂದ ಹಾಡ ಸುರು ಮಾಡಿದ್ಲು, ಅರ್ತಿಂಗ ನೋಡ್ರಿ, ನೆಲದಾಗಿಂದ ನೋಡ್ರಿ ಅಂತ. ಸುಳ್ಳು! ನೆಲ ಏನ ಮಾಡೀತು ಪಾಪ?

ಮತ್ತ ಇದು... ಇದೇನಿದು ಮುಂದ ಜೋತಾಡಾಕತ್ತಿದ್ದು? ಲಿಂಬಿಹಣ್ಣು, ಮೆಣಸಿನಕಾಯಿ? ಮಾಲಾ ಕಟ್ಯಾಳೇನು? ಛೀ, ಛೀ! ಬ್ಯಾಟರಿ ಮ್ಯಾಲ ಓಡೂ ಕಾರಿಗೆ ದೃಷ್ಟಿ! ನಿನ್ನ ಹೆಂಡತಿಗೆ ಹೇಳು, ಈ ದ್ಯಾಮಪ್ಪ ಮಾಸ್ತರ ಮೂರ ಹಾದಿ ಕೂಡಿದಲ್ಲಿ ಇಟ್ಟ ಲಿಂಬಿಹಣ್ಣ ಆರಿಸಿಕೊಂಡು ಬಂದು, ಸಾಲ್ಯಾಗ ಹುಡುಗರ ಮುಂದ ಶರಬತ್ತ ಮಾಡಿ ಕುಡದಾಂವ ಅಂತ. ನೀನೂ ಕುಡದೀಯಲ್ಲ? ನೆಪ್ಪೈತಿಲ್ಲ? ಏನ ಹೇಳಿದ್ದೆ ನಾ ಅವತ್ತ? ಮಾಟ ಇಲ್ಲ, ಮಂತ್ರ ಇಲ್ಲ, ಇರೂದೊಂದ ಅಂಜಿಕಿ... ಹಾಂ. ಹಂಗ ಹೇಳಿದ್ದೆ.

ಯಾರಿಗೆ ಫೋನ ಮಾಡಿದ್ದಿ ಈಗ? ಕರೀಮಸಾಬಗನ? ಬಂಕಾಪುರದಿಂದ ಬರಾಕತ್ತಾನನ? ಯಾಕ? ಅಲ್ಲ, ಯಾಕ ಅಂತೀನಿ! ಅರ್ತಿಂಗ ಮಾಡಿದಾಂವ ಅವನ ಖರೆ, ಆದ್ರ... ಅಗಸ್ತೀಯಾ? ನನ್ನ ಹಿತ್ತಲದಾಗ? ಹುಚ್ಚೇನಪಾ ನಿನಗ! ಗ್ವಾಡಿ ಮೊದಲ ಹಳೀದು, ಬಿದ್ದಗಿದ್ದೀತು. ನಿನ್ನ ಕಡೆ ಬರೇ ಕಾಂಕ್ರೀಟ ಐತಿ ಅಂತ ನೀ ಜಾಗಾ ಕೇಳಿದಿ, ಹೂಂ ಅಂದೆ, ಅಲ್ಲಿಗೆ ಮುಗೀತು. ಅರ್ತಿಂಗ ಅಂದ್ರ ಒಂದ ವೈರ ಮಣ್ಣಾಗ ಚುಚ್ಚತಾರ ಅಂತ ತಿಳದಿದ್ದೆ. ನೀವು ಹುಗಿಯೂ ಮುಂದ ನಾ ಊರಾಗ ಇದ್ದಿದ್ದಿಲ್ಲ, ದವಾಖಾನ್ಯಾಗ ಅಕಿ ಕಾಟಿನ ಬಾಜೂಕ ಚಾಪಿ ಹಾಕ್ಕೊಂಡು ಬಿದ್ದಿದ್ದೆ. ಒಳಗ ಏನ ಹಾಕೀರಿ ನಾ ನೋಡಿಲ್ಲಪಾ. ನನಗೊಂದೂ ಗೊತ್ತಿಲ್ಲ.

ಇಲಿ ಕಡದಿರಬೇಕು. ಇಲ್ಲಾಂದ್ರ ಆ ಕರೀಮಸಾಬನ ಕೆಲಸಾನ ಕಚ್ಚಾ. ಹೌದಲ್ಲ ಮತ್ತ? ಒಂದ ಬುಟ್ಟಿ ಇದ್ದಲಿ, ಒಂದೀಟ ಹರಳುಪ್ಪು, ಅದರ ನಡುವ ಇಷ್ಟ... ನೋಡಿಲ್ಲೆ, ಇಷ್ಟಗಲ ತಾಮ್ರದ ತಗಡು. ನಮ್ಮ ಮನ್ಯಾಗಿನ ಪರಾತ ಇದಕ್ಕಿಂತ ದೊಡ್ಡದೈತಿ! ಇಷ್ಟಗಲದ್ದು ಎಲ್ಲಿ ಸಾಕಾಗಬೇಕು, ಇಂಥಾ ಆನಿಯಂಥಾ ಕಾರಿಗೆ...

ಯಾಕ?

ಯಾಕ ಹಂಗ ನನ್ನ ಕೈ ನೋಡಾಕತ್ತಿ?

ಕರೀಮಸಾಬ ಹೇಳಿದ್ನಪಾ. ಅವ ನನ್ನ ಕೂಡ ಮಾತಾಡೇ ಇಲ್ಲ? ಹಂಗಾರ ನೀನ ಹೇಳಿರಬೇಕು... ನೀನೂ ಹೇಳಿಲ್ಲ?

ಎಲ್ಲಿ ಹೊಂಟಿ, ಫಕ್ಕೀರೇಶಾ? ಹಿತ್ತಲದಾಗ ಅಗದ್ರ ಏನೂ ಸಿಗೂದಿಲ್ಲ.

ಕೆರ್ಯಾಗ ಐತಿ. ಹೂಂ. ತಗಡು ಕೆರ್ಯಾಗ ಐತಿ. ನಾನ ಒಗದು ಬಂದೆ.

ಮಲ್ಲಿಗಿ ಹಚ್ಚೂಣಂತ ಅಗದೆ, ಅಕಿಗೆ ಹಾಸಿಗ್ಯಾಗ ವಾಸನಿ ಬರಲಿ ಅಂತ, ಖರೇನ. ಗುದ್ದಲಿಗೆ ಇದ್ದಲಿ ಹತ್ತಿತು. ಉಪ್ಪು ಹತ್ತಿತು. ತಾಮ್ರ. ಅದಕ್ಕ ಕಟ್ಟಿದ ಹಸರ ವೈರ... ವೈರ ಅಂತ ಕಾಣಲಿಲ್ಲಪಾ ನನಗ, ಮಾಟದ ದಾರ ಅಂತ ಕಂಡಿತು! ಎಷ್ಟ ದಿನದಿಂದ ಅಕಿ ಕಣ್ಮುಂದ ಕರಗಾಕತ್ತಾಳ. ಇದ ಕಾರಣ, ಇದ, ಅಂದೆ. ನನ್ನ ಓದು, ನನ್ನ ಶಾಣ್ಯಾತನ, ನನ್ನ ಶರಬತ್ತ, ಎಲ್ಲಾ ಆ ಕುಣ್ಯಾಗ ಬಿತ್ತು. ನಿನ್ನಿ ಆ ಹುಡುಗಿ ಫೋನಿನ್ಯಾಗ ಅರ್ತಿಂಗ ಅಂದಾಗ ತಿಳೀತು ನಾ ಕಿತ್ತಿದ್ದು ಏನಂತ. ಅಷ್ಟೊತ್ತಿಗೆ... ಹೆಂಗ ಹೇಳ್ಲಿ ನಿನಗ? ಯಾವ ಬಾಯಿಲೆ ಹೇಳ್ಲಿ?

ಬೈ. ಥೂ ಅನ್ನು. ನನಗ ನನ್ನ ಮಾರಿ ಕಂಡ್ರ ಹೇಸಿಗಿ ಬರತೈತಿ, ನಿನಗ ಬರೂದಿಲ್ಲೇನು?

ಈಗ ಯಾಕ ನಿಮ್ಮ ಅಡಿಗಿಮನಿ ಕಡೆ ನೋಡಾಕತ್ತಿ?

ಮಾಲಾನ ಹೆಸರ ನಾ ತಗದಿಲ್ಲಲ್ಲ! ಯಾರು ಹುಗಸಿರಬೇಕು ಅಂತ ತಿಳದ್ರಿ ಅಂತ ನೀ ಕೇಳೂದೂ ಬ್ಯಾಡ... ಕೇಳಲಿಲ್ಲ, ಖರೆ, ನೀ ಏನೂ ಕೇಳಾಕತ್ತಿಲ್ಲ. ನೀ ಕೇಳಿದ್ರ ಪಾಡಿತ್ತೋ. ಬಾಯಿಗೆ ಬಂದದ್ದೊಂದ ಸುಳ್ಳರ ಹೇಳತಿದ್ದೆ.

ಗ್ವಾಡಿ ಆಚೆ ಇರೂದು ನಿಮ್ಮನಿ ಒಂದ. ಲಿಂಬಿಹಣ್ಣು, ದೃಷ್ಟಿ ಅನ್ನಾಕಿ ಅಕಿ ಒಬ್ಬಾಕಿ. ದಿನಾ ಮುಂಜಾನೆ ಗಂಜಿ ಡಬ್ಬಿ ಹಿಡಕೊಂಡು ನಮ್ಮ ಬಾಗಲಿಗೆ ಬರಾಕೀನೂ ಅಕೀನ... ಗುತ್ತೆಕ್ಕನ ಹೊಟ್ಟ್ಯಾಗ ನಿಲ್ಲತಿದ್ದುದು ಅದೊಂದ ಆಗಿತ್ತು, ಮಾಲಾನ ಗಂಜಿ. ತಗಡು ಕಿತ್ತ ದಿನದಿಂದ ನಾ ಅದನ್ನ ಗಟಾರಕ್ಕ ಚೆಲ್ಲೇನಿ, ಫಕ್ಕೀರೇಶಾ. ಚೆಲ್ಲಿ, ಡಬ್ಬಿ ತಿಕ್ಕಿ, ತಿರುಗಿ ಕೊಡಾಕ ಬಂದು, "ಭಾಳ ರುಚಿ ಆಗಿತ್ತವ್ವಾ" ಅಂದೇನಿ.

ಒಳಗ ಹೋದ್ರ ಅಕಿ ಕೇಳತಿದ್ಲು, "ಇವತ್ತೂ ಮಾಲಾ ಗಂಜಿ ಕಳಿಸ್ಲಿಲ್ಲೇನ್ರಿ?" ಅಂತ.

"ಇಲ್ಲ" ಅಂತಿದ್ದೆ. "ದಿನಾ ಮಾಡಾಕ ಯಾರಿಗರ ಬ್ಯಾಸರ ಆಗತೈತಿ ಹೇಳು" ಅಂತಿದ್ದೆ.