ಸೊಸೆಯ ಹಲ್ಲಿಗೆ ಸಿಕ್ಕಿದ ತೆರಿಗೆ ವಿನಾಯಿತಿ

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಎಂದು ಶುರು ಮಾಡಿದರೆ ನೀವೆಲ್ಲ ಈ ದೇವಸ್ಥಾನದ ಗೋಡೆಗೆ ಒರಗಿ ಕೂರುತ್ತೀರಿ. ಶ್ರೀಮಂತನ ಕಥೆ ತಾನೇ, ನಮ್ಮದಲ್ಲ ಎಂಬ ಸಮಾಧಾನ. ಅದಕ್ಕೇ ಇವತ್ತು ಅವನು ಬೇಡ. ಒಂದೂರಲ್ಲಿ ಒಬ್ಬ ಗುಮಾಸ್ತ ಇದ್ದ. ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮ ಬೀದಿಯಲ್ಲೇ ಇಬ್ಬರು ಸಿಕ್ಕಾರು. ಮನೆಯಲ್ಲಿ ತಾಯಿ, ಹೆಂಡತಿ, ಕಾಲೇಜಿಗೆ ಹೋಗುವ ಮಗಳು. ಸಂಬಳ ಬಂದ ವಾರ ಆ ಮನೆಯ ಸಾರಿನಲ್ಲಿ ಬೇಳೆ ಇರುತ್ತಿತ್ತು. ತಿಂಗಳ ಕೊನೆಗೆ ಬೇಳೆಯ ನೆನಪಿರುತ್ತಿತ್ತು.

ಆದರೆ ಈ ಕಥೆ ಗುಮಾಸ್ತನದಲ್ಲ, ಅವನ ಹೆಂಡತಿಯದು. ಅವಳಿಗೆ ಹಲ್ಲುನೋವು. ಬಲಗಡೆಯ ದವಡೆ ಹಲ್ಲು. ಹಲ್ಲಿನ ಡಾಕ್ಟರು ನೋಡಿ, "ಈಗ್ಲೇ ಬೇರು ಕ್ಲೀನ್ ಮಾಡಿ ಕ್ಯಾಪ್ ಹಾಕಿದ್ರೆ ಉಳಿಯುತ್ತಮ್ಮ, ತಡ ಮಾಡಿದ್ರೆ ಕೀಳ್ಬೇಕಾಗುತ್ತೆ" ಎಂದಿದ್ದರು. ಖರ್ಚು ಎಷ್ಟೆಂದು ಕೇಳಿ ಅವಳು ಸುಮ್ಮನೆ ಮನೆಗೆ ಬಂದಳು. ಮುಂದಿನ ತಿಂಗಳು ನೋಡೋಣ. ಮುಂದಿನ ತಿಂಗಳು ಮಗಳ ಪರೀಕ್ಷೆಯ ಶುಲ್ಕ ಬಂತು. ಅದರ ಮುಂದಿನ ತಿಂಗಳು ಅತ್ತೆಯ ಕನ್ನಡಕ. ಆಮೇಲೆ ನಾದಿನಿಯ ಮಗನ ಉಪನಯನದ ಉಡುಗೊರೆ. ನೋಡಿ, ಎಲ್ಲರಿಗೂ ಒಂದೊಂದು ತಿಂಗಳು ಬಂತು, ಆ ಹಲ್ಲಿಗೆ ಮಾತ್ರ ಬರಲಿಲ್ಲ. ಅವಳು ದವಡೆಯಲ್ಲಿ ಒಂದು ಲವಂಗ ಒತ್ತಿ ಇಟ್ಟುಕೊಂಡು ಮನೆಗೆಲಸ ಮಾಡಿಕೊಂಡಿದ್ದಳು.

ಸಂಜೆ ಗಂಡ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಮೂಗರಳಿಸುವನು.

"ಏನೇ, ಇವತ್ತು ಪಲಾವಾ?"

"ಇಲ್ಲ ರೀ, ಉಪ್ಪಿಟ್ಟು."

"ಲವಂಗದ ಘಮ ಬರ್ತಿದೆಯಲ್ಲೇ."

"ಪಕ್ಕದ ಮನೇದಿರ್ಬೇಕು."

ಪಕ್ಕದ ಮನೆಯವರು ದಿನಾ ಪಲಾವು ತಿನ್ನುತ್ತಾರಲ್ಲ ಎಂದು ಅವನಿಗೆ ಹೊಟ್ಟೆಯುರಿ ಬೇರೆ ಶುರುವಾಯಿತು.

ಒಂದು ವಿಚಿತ್ರ ಹೇಳುತ್ತೇನೆ. ಅವಳು ಎಷ್ಟು ತೆಗೆದರೂ ಡಬ್ಬಿಯಲ್ಲಿ ಲವಂಗ ಮುಗಿಯುತ್ತಿರಲಿಲ್ಲ. ಅವಳು ತಂದಿರಲಿಲ್ಲ, ಗಂಡ ತಂದಿರಲಿಲ್ಲ. ದೇವರ ದಯೆ ಎಂದುಕೊಂಡಳು. ಅದೇ ಸುಮಾರಿಗೆ ಅತ್ತೆಯ ಕೋಣೆಯಲ್ಲಿ ಎಲೆ ಅಡಿಕೆ ಕುಟ್ಟುವ ಸದ್ದೂ ನಿಂತಿತ್ತು. ಆ ಅಜ್ಜಿಗೆ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ, ಎಲೆ ಅಡಿಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿಯೇ ಹಾಕಿಕೊಳ್ಳಬೇಕು. "ನಮ್ಮಮ್ಮನಿಗೆ ವೈರಾಗ್ಯ ಬಂದಿದೆ, ಎಲೆ ಅಡಿಕೆ ಬಿಟ್ಟುಬಿಟ್ಟಿದ್ದಾಳೆ" ಎಂದು ಮಗ ಕಚೇರಿಯಲ್ಲೆಲ್ಲ ಹೇಳಿಕೊಂಡು ಬಂದ.

ಹೀಗಿರುವಾಗ ಬಜೆಟ್ ಬಂತು. ಇಷ್ಟು ಆದಾಯದವರೆಗೆ ಇನ್ನು ತೆರಿಗೆ ಇಲ್ಲ ಎಂದು ಸರ್ಕಾರ ಹೇಳಿತು. ಗುಮಾಸ್ತನ ಸಂಬಳ ಅದರೊಳಗೇ ಬಿತ್ತು. ತಿಂಗಳು ತಿಂಗಳು ಸಂಬಳದಲ್ಲಿ ಕಡಿತವಾಗುತ್ತಿದ್ದ ಹಣ ಏಪ್ರಿಲ್‌ನಿಂದ ಮನೆಗೇ ಬರುತ್ತದೆ. ಟೀವಿಯ ಮುಂದೆ ನಿಂತಿದ್ದ ಹೆಂಡತಿ ನಾಲಗೆಯಿಂದ ಹಲ್ಲನ್ನು ಮುಟ್ಟಿ, ಇನ್ನು ನಿನ್ನ ಸರದಿ ಎಂದು ಅದಕ್ಕೆ ಮನಸ್ಸಿನಲ್ಲೇ ಹೇಳಿದಳು.

ಅಷ್ಟರಲ್ಲಿ ಗಂಡ ಎದ್ದು ನಿಂತ. "ಹಾಲ್‌ಗೆ ಒಂದು ತೇಗದ ಉಯ್ಯಾಲೆ ತರೋಣ."

"ಅಪ್ಪಾ, ಈ ಹಾಲಲ್ಲಿ ಉಯ್ಯಾಲೆ ತೂಗಿದ್ರೆ ಮುಂದಕ್ಕೆ ಟೀವಿಗೆ ಒದೀತೀಯ, ಹಿಂದಕ್ಕೆ ಅಜ್ಜಿಗೆ ಗುದ್ತೀಯ" ಎಂದಳು ಮಗಳು.

"ನಿಧಾನಕ್ಕೆ ತೂಗ್ತೀನಿ."

"ಅದರ ಬದ್ಲು ನನಗೊಂದು ಫೋನ್ ಕೊಡ್ಸು."

"ಅದೂ ಆಗುತ್ತೆ."

ತಂಗಿಗೆ ಫೋನ್ ಮಾಡಿ ಅವಳಿಗೊಂದು ರೇಷ್ಮೆ ಸೀರೆಯನ್ನೂ ಒಪ್ಪಿಕೊಂಡ. ನೋಡಿ, ಹಣ ಇನ್ನೂ ಹೊರಟೇ ಇರಲಿಲ್ಲ, ಖರ್ಚು ಮಾತ್ರ ಮನೆಗೆ ಬಂದು ಕಾಲು ಚಾಚಿ ಕೂತಿತ್ತು. ಆಮೇಲೆ ತಾಯಿಯ ಕಡೆ ತಿರುಗಿದ. "ಅಮ್ಮಾ, ನಿನ್ನನ್ನ ಕಾಶಿಗೆ ಕಳಿಸ್ಲಾ?"

"ಕಾಶಿ ಎಲ್ಲಿಗೂ ಓಡಿಹೋಗಲ್ಲ ಬಿಡು. ನಂಗೊಂದು ನೂರು ಗ್ರಾಂ ಲವಂಗ ತಂದ್ಕೊಡು."

"ಲವಂಗಾನಾ? ಹಲ್ಲೇ ಇಲ್ಲ, ಏನ್ಮಾಡ್ತೀಯಮ್ಮ?"

"ತಂದ್ಕೊಡು ಅಂದ್ರೆ ತಂದ್ಕೊಡಪ್ಪ."

ಕೊನೆಗೆ, ಸ್ನಾನಕ್ಕೆ ಟವೆಲ್ ಹುಡುಕುತ್ತಾ, ಹೆಂಡತಿಯನ್ನೂ ಕೇಳಿದ. ಕೇಳಲಿಲ್ಲ ಎನ್ನಬೇಡಿ. "ನಿನಗೇನೂ ಬೇಡ, ಅಲ್ವಾ?" ಉತ್ತರವನ್ನೂ ಕಟ್ಟಿಕೊಟ್ಟ ಪ್ರಶ್ನೆ. ಅವಳು "ಹೂಂ" ಎಂದಳು.

ಯುಗಾದಿ ಬಂತು. ಎಣ್ಣೆ ಸ್ನಾನ, ದೇವರ ಪೂಜೆ, ಬೇವು ಬೆಲ್ಲ. ಹಬ್ಬದ ದಿನ ಬೇವು ಬೆಲ್ಲವನ್ನು ಬೇಡ ಎನ್ನಲಾಗುತ್ತದೆಯೇ? ಹೆಂಡತಿಯೂ ಕೈಯೊಡ್ಡಿ ಬಾಯಿಗೆ ಹಾಕಿಕೊಂಡಳು. ಬೇವು ಪಾಪ ಏನೂ ಮಾಡಲಿಲ್ಲ. ಬೆಲ್ಲದ ಒಂದು ಚೂರು ನೆಟ್ಟಗೆ ಹೋಗಿ ಆ ಹಲ್ಲಿನ ತೂತಿನಲ್ಲಿ ಕೂತಿತು. ಅವಳ ಎರಡೂ ಕಣ್ಣಲ್ಲಿ ನೀರು ಸುರಿಯಿತು.

"ನೋಡಮ್ಮ, ಉಯ್ಯಾಲೆ ಬರುತ್ತೆ ಅಂತ ಆನಂದಬಾಷ್ಪ" ಎಂದ ಗಂಡ.

"ಆನಂದ ಅಲ್ಲ ಕಣೋ, ದವಡೆ ಹಲ್ಲು" ಎಂದಳು ಅಜ್ಜಿ. "ಪಲಾವಾ ಪಲಾವಾ ಅಂತ ಮೂಗು ಅರಳಿಸ್ಕೊಂಡು ಬರ್ತೀಯಲ್ಲ, ಆ ವಾಸನೆ ಇವಳ ಬಾಯಿಂದು. ಇವಳ ಡಬ್ಬಿಗೆ ಲವಂಗ ತುಂಬಿಸೀ ತುಂಬಿಸೀ ನನ್ನ ಎಲೆ ಅಡಿಕೆ ಕಾಸೆಲ್ಲ ಮುಗೀತು. ನೀನು ನೋಡಿದ್ರೆ ವೈರಾಗ್ಯ ಅಂತ ಊರಿಗೆ ಸಾರ್ಕೊಂಡು ಬಂದೆ."

ಸೊಸೆ ಕಣ್ಣೊರೆಸಿಕೊಂಡಳು. "ಅತ್ತೆ, ಅದು ನೀವಾ?"

"ಇನ್ಯಾರೇ? ಮುಂದಿನ ತಿಂಗಳು, ಮುಂದಿನ ತಿಂಗಳು ಅಂತ್ಲೇ ಬಾಯಲ್ಲಿದ್ದ ಹಲ್ಲನ್ನೆಲ್ಲ ಕಳ್ಕೊಂಡೋಳು ನಾನು. ನೀನಾಗೇ ಹೇಳ್ತೀಯ ಅಂತ ಕಾದೆ. ತಪ್ಪಾಯ್ತು, ಕಾಯ್ಬಾರ್ದಿತ್ತು."

ಗುಮಾಸ್ತ ಮೊಬೈಲಿನ ಟಾರ್ಚ್ ಹೊತ್ತಿಸಿ, "ಬಾಯಿ ತೆಗಿ" ಎಂದು ಹೆಂಡತಿಯ ಬಾಯೊಳಗೆ ಇಣುಕಿದ. ಅವನಿಗೆ ಏನು ತಿಳಿಯಬೇಕು, ಪಾಪ. ಆದರೆ ಮದುವೆಯಾದ ಮೇಲೆ ಮೊದಲ ಸಲ ಅಷ್ಟು ಹೊತ್ತು ನೋಡಿದ.

"ಉಯ್ಯಾಲೆ ಬೇಡ" ಎಂದ.

"ನನಗೆ ಫೋನೂ ಬೇಡ. ಅಜ್ಜಿ, ನೀನು ಬಚಾವಾದೆ" ಎಂದಳು ಮಗಳು.

ಸೀರೆಯ ಮಾತು ತಪ್ಪಿದ್ದಕ್ಕೆ ತಂಗಿಯಿಂದ ಬೈಸಿಕೊಂಡ. ಡಾಕ್ಟರು ಕಂತಿಗೆ ಒಪ್ಪಿದರು. ಸರ್ಕಾರ ಬಿಟ್ಟ ಹಣ ತಿಂಗಳಿಗಿಷ್ಟು ಎಂದು ಅವರಿಗೆ ಹೋಯಿತು. ಇನ್ನೊಂದು ತಿಂಗಳು ತಡವಾಗಿದ್ದರೆ ಕೀಳಬೇಕಿತ್ತಂತೆ. ಹಲ್ಲು ಉಳಿಯಿತು. ಚಿಕಿತ್ಸೆ ಮುಗಿದ ವಾರ ಗುಮಾಸ್ತ ಬಾಗಿಲಲ್ಲಿ ಚಪ್ಪಲಿ ಬಿಟ್ಟ. ಲವಂಗದ ಘಮ. ಟಾರ್ಚ್ ಹೊತ್ತಿಸಿಕೊಂಡೇ ಅಡುಗೆಮನೆಗೆ ಓಡಿದ.

"ಏನೇ, ಮತ್ತೆ ನೋವಾ?"

"ಇಲ್ಲ ರೀ, ಪಲಾವು."

ನಗುತ್ತಿದ್ದೀರಿ. ನಗಿ. ಈಗ ಹೇಳಿ, ಸರ್ಕಾರದ ವಿನಾಯಿತಿ ನಿಮ್ಮ ಮನೆಯ ಹಾಲ್‌ವರೆಗೆ ಬಂತಲ್ಲ, ಅಡುಗೆಮನೆಯವರೆಗೆ ಹೋಯಿತೇ? ಸಂಬಳದ ತೆರಿಗೆಯೊಂದೇ ತೆರಿಗೆಯಲ್ಲ. ಪ್ರತಿ ಮನೆಯೊಳಗೂ ಇನ್ನೊಂದು ತೆರಿಗೆ ಇದೆ. ಕಡಿಮೆ ಇರುವವರನ್ನು ಸರ್ಕಾರವಾದರೂ ಬಿಟ್ಟುಬಿಡುತ್ತದೆ. ನಾವು? ಯಾರು ಸುಮ್ಮನಿದ್ದಾರೋ ಅವರಿಂದಲೇ ವಸೂಲು ಮಾಡುತ್ತೇವೆ, ತಿಂಗಳು ತಿಂಗಳು, ರಸೀದಿಯಿಲ್ಲದೆ. ಅವರ ಹಲ್ಲು, ಅವರ ಮಂಡಿ, ಅವರ ಹರಿದ ಚಪ್ಪಲಿ.

ಆದ್ದರಿಂದ ಈ ಸಲ ಸಂಬಳ ಬಂದ ದಿನ, ಏನನ್ನೂ ಕೊಳ್ಳುವ ಮೊದಲು, ಮನೆಯವರನ್ನೆಲ್ಲ ಕೂರಿಸಿಕೊಂಡು ಒಂದೇ ಮಾತು ಕೇಳಿ: ಯಾರು ಏನನ್ನು ಮುಂದೂಡಿದ್ದೀರಿ? "ಏನೂ ಬೇಡ ಅಲ್ವಾ" ಎಂದು ಕೇಳಬೇಡಿ. ಕೇಳಿ, ಉತ್ತರ ಬರುವವರೆಗೆ ಕೂತಿರಿ. ತಾಯಂದಿರೇ, ನೀವು ಆ ಅಜ್ಜಿಯಂತೆ ಲವಂಗ ಕೊಡಿ, ಅದು ದೊಡ್ಡ ಗುಣ. ಆದರೆ ಕೊಟ್ಟು ಸುಮ್ಮನಿರಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಇನ್ನು ಹಿಂದಿನ ಸಾಲಿನಲ್ಲಿ ಕೆನ್ನೆಯ ಮೇಲೆ ಕೈಯಿಟ್ಟು ಕೂತಿರುವವಳೇ, ನೀನು ಮಂಗಳಾರತಿಗೆ ಕಾಯಬೇಡಮ್ಮ. ನಿನ್ನ ಗಂಡ ಹೊರಗೆ ಚಪ್ಪಲಿ ಕಾಯುತ್ತಿದ್ದಾನೆ. ಹೋಗಿ ಈಗಲೇ ಹೇಳು.