ನಾನು ಅಳಿಸಿದ ಒಂದು ಪದ

ಮಾನ್ಯ ಅಧ್ಯಕ್ಷರೇ, ಆಡಳಿತ ಮಂಡಳಿಯ ಹಿರಿಯರೇ, ವೇದಿಕೆಯ ಮೇಲಿನ ಅತಿಥಿಗಳೇ, ಸಹೋದ್ಯೋಗಿಗಳೇ, ಬಾಗಲಕೋಟೆಯ ಇಂಥ ಬಿಸಿಲಿನಲ್ಲೂ ಒಬ್ಬ ಮಾಸ್ತರನನ್ನು ಬೀಳ್ಕೊಡಲು ಬಂದು ಕುಳಿತ ಸಭಿಕರೇ,

ನಿವೃತ್ತನಾಗುವವನನ್ನು ಹೊಗಳುವುದು ರೂಢಿ. ಹೊಗಳಿದ್ದೀರಿ. ಇಳಕಲ್ಲಿನಿಂದ ಬಂದ ನನ್ನ ಹಳೆಯ ವಿದ್ಯಾರ್ಥಿನಿ ಸುರೇಖಾ, "ವಿಜಯಮಹಾಂತೇಶ ಸರ್ ಕಂಪೈಲ್ ಮಾಡಿದ ಪ್ರೋಗ್ರಾಮು ಎಂದೂ ಕೈಕೊಟ್ಟಿದ್ದಿಲ್ಲ" ಎಂದಳು. ನೀವು ಚಪ್ಪಾಳೆ ತಟ್ಟಿದಿರಿ. ಆ ಚಪ್ಪಾಳೆ ಬೀಳದಿದ್ದರೆ ನಾನು ಬರೆದು ತಂದ ಎರಡು ಪುಟ ಓದಿ ಕೂತುಬಿಡುತ್ತಿದ್ದೆನೋ ಏನೋ.

ಮೂವತ್ತೊಂದು ವರ್ಷ ಕಪ್ಪು ಪರದೆಯ ಮೇಲೆ ಆಜ್ಞೆಗಳನ್ನು ಬರೆಯಲು ಕಲಿಸಿದೆ. ನನ್ನ ಲ್ಯಾಬಿನಲ್ಲಿ ಮೌಸ್ ಮುಟ್ಟುವಂತಿರಲಿಲ್ಲ. ತಪಾಸಣೆಗೆ ಬಂದವರೊಬ್ಬರು "ಮೌಸ್ ಎಲ್ಲಿ?" ಎಂದು ಕೇಳಿದಾಗ ನಮ್ಮ ಅಟೆಂಡರ್ ರಾಜಮಹ್ಮದ, "ಇಲಿ ಒಳಗ ಬಂದ್ರ ಸರ್ ಬೈತಾರ್ರಿ" ಎಂದಿದ್ದ. ನಗಿರಿ. ಆಗ ನಾನೂ ನಕ್ಕಿದ್ದೆ.

ಅದೇ ಲ್ಯಾಬಿನಲ್ಲಿ ಅಮಸಿದ್ದಪ್ಪ ಎಂಬ ಉಪನ್ಯಾಸಕನಿದ್ದ. ಹೊಸಬರಿಗೆ ಅವನ ಹೆಸರು ಗೊತ್ತಿರಲಿಕ್ಕಿಲ್ಲ. ಐಹೊಳೆಯ ಹತ್ತಿರ ಮಲಪ್ರಭೆಯ ದಂಡೆಯ ಮೇಲೆ ಅವನ ಮನೆ. ಕುರಿ ಸಾಕುವ ಕುಟುಂಬ. ಮೇಲಿನ ಅಣೆಕಟ್ಟಿನಿಂದ ಎಷ್ಟು ನೀರು ಬಿಟ್ಟಿದ್ದಾರೆ ಎಂಬ ಅಂಕಿ ಕೊಟ್ಟರೆ, ಯಾವ ಓಣಿಗೆ ಎಷ್ಟು ಹೊತ್ತಿಗೆ ನೀರು ನುಗ್ಗುತ್ತದೆ ಎಂದು ಹೇಳುವ ಪ್ರೋಗ್ರಾಮನ್ನು ಅವನು ಮೂರು ವರ್ಷ ಕೂತು ಬರೆದ. ಲೆಕ್ಕ ದೊಡ್ಡದು. ಒಬ್ಬನಿಂದ ಆಗುವ ಕೆಲಸವಲ್ಲ. ಅದಕ್ಕೇ ಯಂತ್ರದ ಹದಿನಾರು ಪ್ರೊಸೆಸರುಗಳಿಗೆ ಹಂಚಿದ್ದ. ಅರ್ಧ ತಾಸಿನಲ್ಲಿ ಉತ್ತರ.

ಸಭಿಕರೇ, ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವುದು ಕಂಪೈಲ್. ತಿರುಗಿಸಿದ ತುಂಡುಗಳನ್ನು ಜೋಡಿಸುವುದು ಲಿಂಕ್. ಎರಡೂ ಆಜ್ಞೆಗಳಲ್ಲಿ, ಕೆಲಸವನ್ನು ಹಂಚು ಎಂದು ಹೇಳುವ ಒಂದು ಸಣ್ಣ ಪದ ಇರಬೇಕು. ಇಷ್ಟು ತಿಳಿದರೆ ಸಾಕು.

ಆರು ವರ್ಷದ ಹಿಂದಿನ ಶ್ರಾವಣ. ಅಮಸಿದ್ದಪ್ಪ ರಜೆಯ ಮೇಲೆ ಊರಲ್ಲಿದ್ದ. ಮುಂಜಾನೆ ಏಳೂವರೆಗೆ ಫೋನ್ ಬಂತು.

"ಸರ್, ಮ್ಯಾಲಿಂದ ಭಾಳ ನೀರ ಬಿಟ್ಟಾರಂತ್ರಿ. ಅಂಕಿ ಕಳಸೇನಿ, ಪ್ರೋಗ್ರಾಮ್ ಓಡಸ್ರಿ. ಕುರಿ ಗುಡ್ಡಕ್ಕ ಹೊಡೀಬೇಕೋ ಬ್ಯಾಡೋ ತಿಳೀವಲ್ದು."

"ಹೊಡಕೊಂಡು ಹೋಗಿಬಿಡಪಾ" ಎಂದೆ.

"ಎಳೀ ಮರಿ ಅದಾವ್ರಿ. ಗುಡ್ಡದಾಗ ಮಳಿ, ಗಾಳಿ. ಸುಮ್‌ಸುಮ್ನ ಹೊಡದ್ರ ಸಾಯ್ತಾವ."

"ಅರ್ಧ ತಾಸು ತಡಿ, ಹೇಳ್ತೇನಿ" ಎಂದೆ.

ಆ ವಾರವಷ್ಟೇ ಲ್ಯಾಬಿಗೆ ಹೊಸ ಯಂತ್ರ ಬಂದಿತ್ತು. ಅದರ ಮೇಲೆ ಪ್ರೋಗ್ರಾಮನ್ನು ಮತ್ತೆ ಕಟ್ಟಬೇಕಿತ್ತು. ಕಂಪೈಲ್ ಆಯಿತು. ಲಿಂಕ್ ಮಾಡುವಾಗ ಆ ಪದ ಬರೆಯಲು ಮರೆತೆ. ಯಂತ್ರ ತಕರಾರು ತೆಗೆಯಿತು, ಪರದೆ ತುಂಬ ತಕರಾರು. ನಾನು ಏನು ಮಾಡಬೇಕಿತ್ತು? ಆ ಪದವನ್ನು ಲಿಂಕ್ ಆಜ್ಞೆಗೆ ಸೇರಿಸಬೇಕಿತ್ತು. ಎರಡನೇ ವರ್ಷದ ವಿದ್ಯಾರ್ಥಿಗೂ ಗೊತ್ತಿರುವ ಸಂಗತಿ. ಅವಸರದಲ್ಲಿ ನಾನು ಮಾಡಿದ್ದೇನು? ಕಂಪೈಲ್ ಆಜ್ಞೆಯಲ್ಲಿದ್ದ ಪದವನ್ನೂ ಅಳಿಸಿ, ಮೊದಲಿನಿಂದ ಕಟ್ಟಿದೆ. ತಕರಾರು ನಿಂತಿತು. ಪರದೆ ಸ್ವಚ್ಛವಾಯಿತು. ಖುಷಿಯಾಗಿ ಓಡಿಸಿ ಚಹಾ ಕುಡಿಯಲು ಹೋದೆ.

ಹದಿನಾರು ಆಳಿನ ಕೆಲಸಕ್ಕೆ ಈಗ ಒಬ್ಬನೇ ಆಳು. ಉಳಿದ ಹದಿನೈದು ಸುಮ್ಮನೆ ಕುಳಿತಿದ್ದವು.

ಎಂಟೂವರೆಗೆ ಫೋನ್ ಬಂತು. ಒಂಬತ್ತೂವರೆಗೆ ಬಂತು. ಹತ್ತೂವರೆಗೆ ಬಂತು. "ಬಂತೇನ್ರಿ ಸರ್?" "ನಡದೈತಿ ತಮ್ಮಾ, ಇನ್ನೊಂದೀಟು ತಡಿ." ಎಷ್ಟು ಪ್ರೊಸೆಸರು ದುಡಿಯುತ್ತಿವೆ ಎಂದು ನೋಡಲು ಒಂದೇ ಒಂದು ಆಜ್ಞೆ ಸಾಕಿತ್ತು. ನೋಡಲಿಲ್ಲ. ಆಗಲೇ ಇಪ್ಪತ್ತೈದು ವರ್ಷ ಕಲಿಸಿದವನಲ್ಲವೇ ನಾನು?

ಹನ್ನೊಂದೂವರೆಗೆ ಕುರಿದೊಡ್ಡಿಗೆ ನೀರು ಬಂತು. ಹಗ್ಗ ಬಿಚ್ಚಲೆಂದು ಅಮಸಿದ್ದಪ್ಪನ ಅಣ್ಣ ಬೀರೇಶ ಒಳಗೆ ಹೋದ. ಮೂರನೆಯ ದಿನ ಕೆಳಗಿನ ಸೇತುವೆಯ ಹತ್ತಿರ ಸಿಕ್ಕ.

ಉತ್ತರ ಬಂದದ್ದು ಮಧ್ಯಾಹ್ನ ಮೂರಕ್ಕೆ. ಸರಿಯಾದ ಉತ್ತರವೇ. ಹನ್ನೆರಡರೊಳಗೆ ಆ ದೊಡ್ಡಿಗೆ ನೀರು ನುಗ್ಗುತ್ತದೆ ಎಂದಿತ್ತು.

ಮರುದಿನ ಹಿಂದಿನ ಆಜ್ಞೆಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಕಂಡಿತು. ಆ ಪದ ಸೇರಿಸಿ ಕಟ್ಟಿ ಓಡಿಸಿದೆ. ಇಪ್ಪತ್ತೆಂಟು ನಿಮಿಷ. ಆಮೇಲೆ, ಅಧ್ಯಕ್ಷರೇ, ಈ ಮಾತು ಹೇಳಬೇಕೆಂದು ನಾನು ಎದ್ದು ನಿಂತವನಲ್ಲ, ಆದರೆ ಹೇಳುತ್ತೇನೆ: ಆ ಆಜ್ಞೆಗಳ ದಾಖಲೆಯನ್ನು ಪೂರ್ತಿ ಅಳಿಸಿದೆ.

ಹದಿನೈದು ದಿನದ ನಂತರ ಅಮಸಿದ್ದಪ್ಪ ಬಂದ. ತಲೆ ಬೋಳಿಸಿಕೊಂಡಿದ್ದ. "ನನ್ನ ಪ್ರೋಗ್ರಾಮಿನ್ಯಾಗ ಎಲ್ಲೋ ತಪ್ಪೈತ್ರಿ ಸರ್. ಇಷ್ಟ ಹೊತ್ತು ಹಿಡೀಬಾರದಿತ್ತು" ಎಂದ. "ದೊಡ್ಡ ಲೆಕ್ಕ ಅಂದಮ್ಯಾಲ ಹಂಗ ಆಗ್ತೈತಿ ಬಿಡಪಾ" ಎಂದೆ. ಮತ್ತೊಮ್ಮೆ ಓಡಿಸಿದ್ದರೆ ಅವನಿಗೆ ತಿಳಿಯುತ್ತಿತ್ತು. ಅವನು ಕೀಲಿಮಣೆ ಮುಟ್ಟಲಿಲ್ಲ. ರಾಜೀನಾಮೆ ಕೊಟ್ಟು ಹೋದ. ನಾನು ತಡೆಯಲಿಲ್ಲ. ಅವನು ಹೋದ ದಿನ ನನಗೆ ಹಗುರಾಯಿತು ಎಂದರೆ ನೀವು ನಂಬುತ್ತೀರಾ? ಹಗುರಾಗಿತ್ತು.

ಈಗ ಹುನಗುಂದದಲ್ಲಿ ಕೋರ್ಟಿನ ಎದುರು ಅರ್ಜಿ ಟೈಪ್ ಮಾಡುತ್ತಾನೆ. ಹೋದ ವಾರ ಈ ಸಮಾರಂಭದ ಕಾರ್ಡು ಕೊಡುವ ನೆಪದಲ್ಲಿ ಹೋಗಿದ್ದೆ, ಹೇಳಿಬಿಡಬೇಕೆಂದು. ಎದ್ದು ನಿಂತು ಕುರ್ಚಿ ಕೊಟ್ಟ. ಚಹಾ ತರಿಸಿದ. "ವೈನಿ ಇನ್ನೂ ನನ್ನ ಕೂಡ ಮಾತಾಡಂಗಿಲ್ರಿ ಸರ್" ಎಂದ. ಬೀರೇಶನ ಹೆಂಡತಿ ಲಲಿತಾ. "'ನಿನ್ನ ಕಂಪ್ಯೂಟರ್ ಏನಂತೈತಿ ಅನಕೋತ ಕುಂತಿ, ನನ್ನ ಗಂಡನ್ನ ಕಳಕೊಂಡೆ' ಅಂದಾಕಿ, ಅವತ್ತಿನಿಂದ ಮಾತಿಲ್ಲ. ಖರೇನ ಅಲ್ರಿ? ನಾನ ಕಾಯಿಸಿದೆ." ನಾನು ಚಹಾ ಕುಡಿದು, ಕಾರ್ಡು ಕೊಟ್ಟು ಬಂದೆ.

ಅವನು ಇವತ್ತು ಬಂದಿಲ್ಲ. ಮೂರು ಸಲ ಕಣ್ಣಾಡಿಸಿದೆ.

ನಾಲ್ಕುನೂರು ಜನರ ಮುಂದೆ ಹೇಳುವುದು ಇಷ್ಟು ಸುಲಭ ಎಂದು ನನಗೆ ಗೊತ್ತಿರಲಿಲ್ಲ. ಇಲ್ಲಿ ಯಾರೂ ಬೀರೇಶನ ತಮ್ಮನಲ್ಲ. ಯಾರೂ ಲಲಿತಾ ಅಲ್ಲ. ಯಾರಿಗೆ ಹೇಳಬೇಕೋ ಅವರಿಬ್ಬರನ್ನು ಬಿಟ್ಟು ಊರಿಗೆಲ್ಲ ಹೇಳಿದಂತಾಯಿತು. ಫೋನಿನಲ್ಲಿ ಹೇಳುವ ಮಾತಲ್ಲ ಇದು. ದಯವಿಟ್ಟು ನೀವೂ ಯಾರೂ ಅವನಿಗೆ ಫೋನ್ ಮಾಡಬೇಡಿ. ಎರಡು ಗಂಟೆಗೆ ಹುನಗುಂದದ ಬಸ್ಸಿದೆ. ಊಟಕ್ಕೆ ನಿಲ್ಲುವುದಿಲ್ಲ, ಕ್ಷಮಿಸಿ. ಅವನು ಒಪ್ಪಿದರೆ ಇಬ್ಬರೂ ಕೂಡಿ ಲಲಿತಾ ಅವರ ಮನೆಗೆ ಹೋಗುತ್ತೇವೆ. ಒಪ್ಪದಿದ್ದರೆ ನಾನೊಬ್ಬನೇ ಹೋಗುತ್ತೇನೆ. ಆ ಮನೆಯ ಹೊಸ್ತಿಲಲ್ಲಿ ಮೊದಲ ಮಾತು ಏನೆಂದು ಆಡಬೇಕೋ ನನಗಿನ್ನೂ ತಿಳಿದಿಲ್ಲ.

ಇಷ್ಟು ಹೊತ್ತು ಕೇಳಿದ್ದಕ್ಕೆ, ನಡುವೆ ನನ್ನನ್ನು ತಡೆಯದಿದ್ದುದಕ್ಕೆ, ನಿಮ್ಮೆಲ್ಲರಿಗೂ ವಂದನೆಗಳು. ನಮಸ್ಕಾರ.