ಕೆಂಪು ದಾರದ ಅಕ್ಷರ

ಅಯ್ಯೋ, ಹಾಗಲ್ಲ ಅಕ್ಕ, ನಿನ್ನ ಮಗಳಿಗೆ ಯೋಗ್ಯತೆ ಇಲ್ಲ ಅಂತ ಯಾರಂದ್ರು? ಕೂತ್ಕೋ ಮೊದಲು. ಆ ಬಟ್ಟೆ ಗಂಟು ಬಾಗಿಲ ಹತ್ರಾನೇ ಇರ್ಲಿ, ನೀನು ಹತ್ತು ನಿಮಿಷ ಇಲ್ಲದಿದ್ರೆ ಲಾಂಡ್ರಿ ಏನೂ ಮುಳುಗಿ ಹೋಗಲ್ಲ. ಟೀ ತಗೋ. ಇಡೀ ಆಸ್ಪತ್ರೇಲಿ ಬಿಸಿ ಟೀ ಬರೋದು ಈ ಆಫೀಸಿಗೆ ಮಾತ್ರ... ನಗಬೇಡ, ಅಷ್ಟಾದ್ರೂ ಅಧಿಕಾರ ಇದೆ ನಂಗೆ.

ನೋಡು, ಸಿಬ್ಬಂದಿ ನಿಧಿ ಅಂದ್ರೆ ಎಲ್ಲರ ಸಂಬಳದಿಂದ ಮುರ್ಕೊಂಡ ದುಡ್ಡು. ಡಾಕ್ಟರುಗಳದ್ದೂ ಇದೆ, ನಿಂದೂ ಇದೆ. ಹೋದ ವರ್ಷದವರೆಗೂ ಸಿಬ್ಬಂದಿ ಮನೆಯ ಹನ್ನೆರಡು ಮಕ್ಕಳ ಓದಿಗೆ ಹಂಚ್ತಿದ್ವಿ, ನರ್ಸಿಂಗು, ಲ್ಯಾಬು, ಎಕ್ಸ್‌ರೇ ಅಂತ. ಈ ಸಲ ಅಷ್ಟನ್ನೂ ಒಬ್ಬರಿಗೇ ಕೊಡೋಣ, ವಿದೇಶದ ದೊಡ್ಡ ಯೂನಿವರ್ಸಿಟಿಗೆ ಹೊರಟವರೂ ಅರ್ಜಿ ಹಾಕ್ಲಿ ಅಂದವಳು ನಾನೇ. ಹೌದು, ನಾನೇ! ಯಾಕೆ ಹಾಗೆ ನೋಡ್ತೀಯಾ? ಅಂಥ ಕಡೆ ಒಬ್ಬರು ಓದಿ ಬಂದ್ರೆ ಇಂಥ ಹತ್ತು ಆಸ್ಪತ್ರೆ ಉದ್ಧಾರ ಆಗುತ್ತೆ ಅಂತ ಮೀಟಿಂಗಲ್ಲಿ ಗಂಟಲು ಹರ್ಕೊಂಡೆ. ಹನ್ನೆರಡು ಜನಕ್ಕೆ ಹಂಚಿದ್ರೆ ಯಾರಿಗೂ ಏನೂ ಆಗಲ್ಲ ಅಂದೆ... ಗೊತ್ತು ಅಕ್ಕ. ಆಗಿತ್ತು. ಕೆಳಗಿನ ವಾರ್ಡಿನ ಗುಂಗುರು ಕೂದಲಿನ ನರ್ಸು ಆ ದುಡ್ಡಲ್ಲೇ ಓದಿದ್ದು. ನಿನ್ನ ಯಜಮಾನರ ಕೊನೆ ದಿನಗಳಲ್ಲಿ ಪಕ್ಕ ಬಿಟ್ಟು ಏಳದವಳೂ ಅವಳೇ.

ಸರಿ, ಸಿಕ್ಕಿದ್ದು ನನ್ನ ತಮ್ಮನ ಮಗಳಿಗೆ. ಅದಕ್ಕೇ ತಾನೆ ಎಲ್ಲರೂ ನನ್ನ ಕಂಡ್ರೆ ಮುಖ ತಿರುಗಿಸೋದು? ಆಯ್ಕೆ ದಿನ ನಾನು ಕಮಿಟಿ ಕೂತ ರೂಮಿಗೆ ಕಾಲಿಡಲಿಲ್ಲ ಅಕ್ಕ, ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಅರ್ಜಿಲಿ ಹೆಸರಿರಲ್ಲ, ಬರೀ ನಂಬರು. 'ನಾನು ಓದಲು ಕಲಿತದ್ದು ಹೇಗೆ' ಅಂತ ಒಂದು ಪ್ರಬಂಧ, ಅದಕ್ಕೆ ಮಾರ್ಕು, ಅಷ್ಟೇ. ನಿನ್ನ ಮಗಳದ್ದೂ ಓದಿದ್ರು... ಚೆನ್ನಾಗಿತ್ತಂತೆ. ಸ್ವಲ್ಪದರಲ್ಲಿ ತಪ್ಪಿಹೋಯ್ತು.

ಮುಂದಿನ ವರ್ಷ ನೋಡೋಣ... ಅಲ್ಲ, ಮುಂದಿನ ವರ್ಷಕ್ಕೆ ನರ್ಸಿಂಗಿಗೆ ಅವಳ ವಯಸ್ಸು ಮೀರುತ್ತೆ. ಮರೆತೇಬಿಟ್ಟೆ. ಟೀ ಆರುತ್ತೆ, ಕುಡಿ ಅಕ್ಕ.

ನಿಜ ಹೇಳ್ತೀನಿ, ನನ್ನ ತಮ್ಮನ ಮಗಳ ಪ್ರಬಂಧ ಅಷ್ಟು ಚೆನ್ನಾಗಿತ್ತು. ನಮ್ಮ ಮುದುಕ ಸರ್ಜನ್ನು, ಹೊಟ್ಟೆ ಕೊಯ್ಯುವಾಗಲೂ ಹುಬ್ಬು ಅಲುಗಿಸದ ಮನುಷ್ಯ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡ್ರಂತೆ! ಚಿಕ್ಕಂದಿನಲ್ಲಿ ಆಸ್ಪತ್ರೆಗೆ ಬಂದು ಲಾಂಡ್ರಿಲಿ ಕೂತಿರ್ತಿದ್ದಳಂತೆ. ಚಾದರದ ಮೂಲೆಲಿ ಕೆಂಪು ದಾರದಲ್ಲಿ ವಾರ್ಡಿನ ಹೆಸರು ಹೊಲಿದಿರ್ತೀವಲ್ಲ, ಅದನ್ನೇ ಬೆರಳಲ್ಲಿ ತಿದ್ದಿ ತಿದ್ದಿ ಅಕ್ಷರ ಕಲಿತಳಂತೆ. ಓದಿದ ಮೊದಲನೇ ಪದ 'ಹೆರಿಗೆ' ಅಂತ...

ಯಾಕೆ ಲೋಟ ಕೆಳಗಿಟ್ಟೆ?

ಅಲ್ಲ... ಅವಳೂ ಬರ್ತಿದ್ದಳಲ್ಲ, ನನ್ನ ಜೊತೆ... ಯಾವಾಗ್ಲೋ ಒಂದೊಂದು ಸಲ... ನೀನು ನೋಡಿರಲ್ಲ...

ಬೇಡ. ಹಾಗೆ ನೋಡಬೇಡ. ಬಂದಿಲ್ಲ. ಆ ಹುಡುಗಿ ಲಾಂಡ್ರಿ ಬಾಗಿಲು ಯಾವ ಕಡೆ ಇದೆ ಅಂತಾನೂ ಕಂಡವಳಲ್ಲ.

ನಾಚಿಕೆ ಆಗುತ್ತೆ ಅಕ್ಕ, ನಿನ್ನ ಮುಂದೆ ಕೂರೋಕೂ ಆಗ್ತಿಲ್ಲ. ಅವಳು ಮೂರು ಸಲ ಬರೆದ್ಲು, ಮೂರು ಸಲವೂ ಸಪ್ಪೆ. ತಮ್ಮ ದಿನಾ ಫೋನ್ ಮಾಡ್ತಿದ್ದ. ನಿನ್ನ ಮಗಳ ಲಕೋಟೆ ಇದೇ ಮೇಜಿನ ಮೇಲಿತ್ತು, ನೀನೇ ತಂದಿಟ್ಟಿದ್ದು, ಒದ್ದೆ ಕೈಯನ್ನ ಸೆರಗಿಗೆ ಒರೆಸ್ಕೊಂಡು. ಸುಮ್ನೆ ನೋಡೋಣ ಅಂತ ತೆಗೆದೆ... ಕೂತು ಅದನ್ನೇ ತಮ್ಮನ ಮಗಳ ಅರ್ಜಿಗೆ ಬರ್ಕೊಂಡೆ. ಆಮೇಲೆ ಒಂದೇ ಕಥೆ ಎರಡು ಅರ್ಜಿಲಿ ಹೋಗೋ ಹಾಗಿರಲಿಲ್ಲವಲ್ಲ...

ಎದ್ದೆ ಯಾಕೆ? ಅಕ್ಕಾ, ಬೈಯಿ. ಕೆನ್ನೆಗೆ ಬಾರಿಸು. ಕೈ ಯಾಕೆ ಚಾಚಿದೆ... ಆ ಲಕೋಟೆನಾ? ಇದೆ. ಈ ಡ್ರಾಯರಿನಲ್ಲೇ ಇದೆ. ತಗೋ. ಕಮಿಟಿಗೆ ಹೋಗಲೇ ಇಲ್ಲ ಅದು. ಓದಿದ್ದು ನಾನೊಬ್ಬಳೇ.